ಐದು ನಿಮಿಷದ ಚಹಾ

ನಮ್ಮೆಲ್ಲರ ಮಾಸ್ತರ್ರಿಗೆ, ನಿಮ್ಮ ಸುಮಾಳ ನಮಸ್ಕಾರ.

ಬರುವ ಭಾನುವಾರ ಸಂಜೆ ಬಬಲೇಶ್ವರದಲ್ಲಿ ಈ ಸಲದ ಹಂಗಾಮಿನ ಕೊನೆಯ ಕಛೇರಿ. ನೀವು ಮೂವತ್ತು ವರ್ಷ ಗಣಿತ ಕಲಿಸಿದ ಶಾಲೆಯ ಸಭಾಗೃಹದಲ್ಲೇ. ಅಷ್ಟರೊಳಗೆ ನಿಮಗೆ ಎರಡು ವಿಷಯ ತಿಳಿಸಬೇಕು. ಒಂದು, ನಿಮ್ಮ ಕೊನೆಯ ಹಂಗಾಮಿನಲ್ಲಿ ನಾನು ನಿಮ್ಮ ಬೆನ್ನ ಹಿಂದೆ ಮಾಡಿದ್ದು. ಇನ್ನೊಂದು, ಈಗ ನನ್ನ ಬೆನ್ನ ಹಿಂದೆ ನಡೆಯುತ್ತಿರುವುದು. ಎರಡೂ ಒಂದೇ ಎಂದು ಗೊತ್ತಾಗಲು ನನಗೆ ಇಡೀ ಚಳಿಗಾಲ ಹಿಡಿಯಿತು. ಕನ್ನಡ ಎಲ್ಲಾದರೂ ಎಡವಿದರೆ ಎಂದಿನಂತೆ ಕೆಂಪು ಪೆನ್ನು ಹಿಡಿದು ತಿದ್ದಿಕೊಳ್ಳಿ. ಇಂಗ್ಲಿಷ್ ಮೀಡಿಯಂ ಹುಡುಗಿಯ ಕಾಗದ ಹೀಗೇ ಇರುತ್ತದೆ ಎಂದು ನಗಿ. ನಗುವಂಥದ್ದು ಇದರಲ್ಲಿ ಹೆಚ್ಚೇನೂ ಇಲ್ಲ, ಆದರೂ...

ನನಗೆ ಒಂಬತ್ತು ವರ್ಷವಾಗಿದ್ದಾಗ ನೀವು ನನ್ನನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದದ್ದು ನೆನಪಿದೆಯೇ? ಬಾಗಿಲು ತೆಗೆಯುತ್ತಿದ್ದಂತೆಯೇ, ಪ್ರವಾಸಿಗರ ಕೂಗಾಟ ಶುರುವಾಗುವ ಮೊದಲೇ, ಮೇಲಿನ ಮೊಗಸಾಲೆ ಹತ್ತಿಸಿದಿರಿ. ಗೋಡೆಗೆ ಮುಖ ಮಾಡಿ ಒಂದು ಸ್ವರ ಹಾಡಿದಿರಿ. ಅದು ಸುತ್ತಿ ಸುತ್ತಿ ಬಂತು. "ಎಷ್ಟು ಸಲ ಬಂತು ಅನ್ನೂದು ಎಲ್ಲಾರೂ ಎಣಸ್ತಾರ. ನೀ ಹೇಳು ಯವ್ವಾ, ಕಡೀ ಸಲ ಬಂದಾಗ ಸುರ ಅಲ್ಲೇ ಇತ್ತೋ, ಸರದಿತ್ತೋ?" ಅಲ್ಲೇ ಇತ್ತು ಎಂದೆ. ನೀವು ನನ್ನ ಎರಡೂ ಕಿವಿಗಳನ್ನು ಮೆಲ್ಲಗೆ ಹಿಡಿದು, "ಇವನ್ನ ಜ್ವಾಕಿ ಮಾಡು. ಕೈ ನಾ ಕಲಸ್ತೀನಿ. ಇವು ನನ್ನ ಕೈಯಾಗಿಲ್ಲ" ಎಂದಿರಿ. ಅದು ಪಾಠ ಎಂದುಕೊಂಡಿದ್ದೆ. ಈಗ ಅದು ಎಚ್ಚರಿಕೆಯ ಹಾಗೆ ಕೇಳುತ್ತದೆ.

ನಮ್ಮ ಮೇಳ ಕಟ್ಟಿದ ಹೊಸತರಲ್ಲಿ, ಸ್ಟೇಷನ್ ರಸ್ತೆಯ ಈರಣ್ಣನ ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ನಾವು ನಾಲ್ವರು ಕೂತಿದ್ದೆವು. ನೀವೂ ನಾನೂ ಪಿಟೀಲು, ಈರಣ್ಣ ತಬಲಾ, ಆಗಿನ್ನೂ ಕಾಲೇಜಿನಲ್ಲಿದ್ದ ಕನಮಡಿಯ ರೇಣುಕಾ ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೋ. ಇದಕ್ಕೆ ಇಂಗ್ಲಿಷಿನಲ್ಲಿ ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ ಎಂದು ನಾನು ದೊಡ್ಡದಾಗಿ ವಿವರಿಸಲು ಹೋದೆ. ನೀವು ಅರ್ಧಕ್ಕೇ ತಡೆದಿರಿ. "ಅಂದ್ರ ಖೋಲಿಯೊಳಗಿನ ಸಂಗೀತ. ಮೈಕ್ ಬ್ಯಾಡ, ವೇದಿಕಿ ಬ್ಯಾಡ, ಮಂದಿ ನಮ್ಮ ಉಸಿರು ಕೇಳೂವಷ್ಟು ಹತ್ರ ಕೂಡಬೇಕು. ಆತಿಲ್ಲ?" ಆಯಿತು. ಅಂದಿನಿಂದ ನಾವು 'ನಾಲ್ವರ ಮೇಳ'. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು, ಶಾಲೆಯ ಕೋಣೆ, ಯಾರದೋ ಮನೆಯ ಪಡಸಾಲೆ, ಎಲ್ಲಿ ಕರೆದರೂ ಹೋದೆವು. ನಾವೇ ಕಟ್ಟಿದ ಹೊಸ ರಚನೆಗಳನ್ನು ನುಡಿಸಿದೆವು, ಮಕ್ಕಳಿಗೆ ಕಮ್ಮಟ ಮಾಡಿದೆವು. ಕನಮಡಿ ಬಸ್ಸಿನಲ್ಲಿ ಕಂಡಕ್ಟರ್ ರೇಣುಕಾಳ ಚೆಲ್ಲೋ ಪೆಟ್ಟಿಗೆ ನೋಡಿ, "ಏನ್ ತಂಗಿ, ಇದರಾಗ ಹೆಣಾಗಿಣಾ ಇಟ್ಟೀಯೇನ?" ಎಂದಾಗ ನೀವು, "ಇಲ್ಲಪಾ, ಇನ್ನೂ ಜೀವ ಐತಿ. ಅರ್ಧಾ ತಿಕೀಟ ಕೊಡು" ಎಂದಿರಿ. ಇಡೀ ಬಸ್ಸು ನಕ್ಕಿತು.

ನೀವು ಹಾಕಿಕೊಟ್ಟ ಒಂದು ಕಟ್ಟಳೆ ಬೇರೆ ಯಾವ ಮೇಳದಲ್ಲೂ ಇಲ್ಲ. ಎಲ್ಲರ ವಾದ್ಯಕ್ಕೂ ಒಬ್ಬರೇ ಶ್ರುತಿ ಕೂಡಿಸಬೇಕು. ಕಾರ್ಯಕ್ರಮಕ್ಕೆ ಮೊದಲು ನಾವು ವಾದ್ಯಗಳನ್ನು ನಿಮ್ಮ ಮುಂದೆ ಇಡುತ್ತಿದ್ದೆವು. ನೀವು ತಂಬೂರಿ ಮೀಟುತ್ತ, ಕಣ್ಣು ಮುಚ್ಚಿ, ಒಂದೊಂದೇ ಬಿರಡೆ ತಿರುವಿ, ವಾದ್ಯವನ್ನು ಪ್ರಸಾದದಂತೆ ಹಿಂದಿರುಗಿಸುತ್ತಿದ್ದಿರಿ. ಆಮೇಲೆ ಯಾರೂ ಬಿರಡೆ ಮುಟ್ಟುವಂತಿರಲಿಲ್ಲ. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇದೆ ಎಂದು ರೇಣುಕಾ ಒಮ್ಮೆ ಹೇಳಿದಾಗ, "ಅದಕ್ಕ ಕಣ್ಣದಾವ, ಕಿವಿ ಇಲ್ಲ" ಎಂದಿರಿ. ನಾಲ್ಕು ಜನ ಒಂದು ಕಿವಿಯನ್ನು ನಂಬಿದರೆ ಮಾತ್ರ ಮೇಳ, ಇಲ್ಲದಿದ್ದರೆ ಅದು ಸಂತೆ ಎನ್ನುತ್ತಿದ್ದಿರಿ. ಅಷ್ಟು ನಂಬಿದ ಕಿವಿಯೇ ಕೆಟ್ಟರೆ ಏನು ಮಾಡಬೇಕು ಎಂದು ನೀವು ಹೇಳಲಿಲ್ಲ. ನಾವೂ ಕೇಳಲಿಲ್ಲ.

ನೀವು ಹೋಗಿ ಹದಿಮೂರು ದಿನವಾದ ಮೇಲೆ ರೇಣುಕಾ, ಈರಣ್ಣ ಇಬ್ಬರೂ ನಿಮ್ಮ ತಂಬೂರಿಯನ್ನು ಹಳೆಯ ಚಾದರಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. "ಇನ್ನ ಮ್ಯಾಲೆ ಸುರ ಹಚ್ಚೋರು ನೀವರಿ ಅಕ್ಕಾರ" ಎಂದಳು ರೇಣುಕಾ. ಬೇಡ ಎನ್ನಲಿಲ್ಲ ನಾನು. ಎನ್ನಬೇಕು ಅನಿಸಿತ್ತೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. ದುಃಖದ ಒಳಗೇ ಒಂದು ಹೆಮ್ಮೆ ಎದ್ದು ಕೂತಿತ್ತು.

ಈ ಹಂಗಾಮಿನ ಮೊದಲ ಕಮ್ಮಟ ಇಟ್ಟಂಗಿಹಾಳದ ಶಾಲೆಯಲ್ಲಿ ನಡೆಯಿತು. ನೀವು ಕಲಿಸಿದ ಆಟವನ್ನೇ ಆಡಿಸಿದೆ. ಮಕ್ಕಳು ಕಣ್ಣು ಮುಚ್ಚಬೇಕು, ನಾನು ಪಿಟೀಲಿನಲ್ಲಿ ಒಂದು ಸ್ವರ ಹಿಡಿಯಬೇಕು, ಅವರೆಲ್ಲ ಗುಂಯ್ ಎಂದು ಅದನ್ನೇ ಹಾಡಬೇಕು. ಹಾಡಿದರು. ನನ್ನ ಎಡಗಡೆ ಕೂತ ಸಾಲು ತಪ್ಪು ಹಾಡುತ್ತಿತ್ತು. ಮತ್ತೆ ಹಾಡಿಸಿದೆ, ಮತ್ತೆ ತಪ್ಪು. ಮೂರನೆಯ ಸಲ ನನ್ನ ದನಿ ಏರಿತು. ಎರಡು ಜಡೆಯ ಒಬ್ಬಳು ಪುಟ್ಟಿ ಕಣ್ಣು ತೆರೆದು, "ಟೀಚರ್ರ, ನೀವು ಬಾರಿಸಿದ್ದನ್ನ ಹಾಡೀನ್ರಿ" ಎಂದಳು. "ಸುಳ್ಳು ಹೇಳಬೇಡ, ಕಿವಿಗೊಟ್ಟು ಕೇಳು" ಎಂದು ಗದರಿದೆ. ಅವಳು ಆಮೇಲೆ ಬಾಯಿ ತೆರೆಯಲಿಲ್ಲ. ಹಿಂದೆ ಚೆಲ್ಲೋ ಹಿಡಿದು ಕೂತಿದ್ದ ರೇಣುಕಾ ನೆಲ ನೋಡುತ್ತಿದ್ದಳು. ಮಕ್ಕಳ ಪರವಾಗಿ ಅವಳಿಗೆ ನಾಚಿಕೆಯಾಗಿದೆ ಎಂದುಕೊಂಡೆ.

ತಿಕೋಟಾದಲ್ಲಿ ಕಾರ್ಯಕ್ರಮವಿದ್ದದ್ದು ದ್ರಾಕ್ಷಿ ತೋಟದವರೊಬ್ಬರ ಮಣೂಕದ ಶೆಡ್ಡಿನಲ್ಲಿ. ಹಣ್ಣು ಕೊಯ್ಲಿಗೆ ಇನ್ನೂ ತಿಂಗಳಿತ್ತು. ಅಟ್ಟ ಅಟ್ಟವಾಗಿ ಕಟ್ಟಿದ ಬಲೆಗಳೆಲ್ಲ ಖಾಲಿ, ಹೋದ ವರ್ಷದ ಸಿಹಿ ಹುಳಿ ವಾಸನೆ ಮಾತ್ರ ಉಳಿದಿತ್ತು. ಮುಂದೆ ಕೂತ ಮುದುಕರೊಬ್ಬರು ಕಾರ್ಯಕ್ರಮದ ಹಾಳೆ ಓದಿ ಕೇಳಿದರು, "ನಾಲ್ವರ ಮೇಳ ಅಂತ ಬರದೀರಿ. ಎಣಿಸಿದ್ರ ಮೂರ ಮಂದಿ ಅದೀರಲ್ರೀ?" ಈರಣ್ಣ ತಬಲಾಕ್ಕೆ ಪೌಡರ್ ಹಚ್ಚುತ್ತ, ತಲೆ ಎತ್ತದೆ, "ಒಬ್ಬರು ಚಾ ಕುಡ್ಯಾಕ ಹೋಗ್ಯಾರ್ರಿ. ಬರ್ತಾರ" ಎಂದ. ಮುದುಕರು ಒಪ್ಪಿಕೊಂಡು ಬಾಗಿಲ ಕಡೆ ನೋಡುತ್ತ ಕೂತರು. ನಮಗೆ ನಗು, ಸಂಕಟ ಎರಡೂ. ನಿಮ್ಮ ಕೊನೆಯ ಹಂಗಾಮಿನಲ್ಲಿ ಶ್ರುತಿ ಕೂಡಿಸಿದ ಕೂಡಲೇ ನೀವು, "ಐದ ನಿಮಿಷ, ಚಾ ಕುಡದ ಬರ್ತೀನಿ" ಎಂದು ಹೊರಗೆ ಹೋಗುತ್ತಿದ್ದಿರಲ್ಲ, ಅದು ಅವನಿಗೆ ನೆನಪಾಗಿತ್ತು.

ಮಧ್ಯಂತರದಲ್ಲಿ ಎಲ್ಲ ವಾದ್ಯಗಳಿಗೂ ಮತ್ತೊಮ್ಮೆ ಶ್ರುತಿ ನೋಡಿ, ಮನೆಯವರು ಕರೆದರೆಂದು ತೋಟದ ಮನೆಯ ಕಡೆ ಹೊರಟೆ. ರೇಣುಕಾ ಕಮಾನಿಗೆ ಹಚ್ಚಬೇಕಾದ ರಾಳ ನನ್ನ ಚೀಲದಲ್ಲೇ ಉಳಿದದ್ದು ದಾರಿಯಲ್ಲಿ ಗೊತ್ತಾಯಿತು. ತೋಟದೊಳಗಿನ ಹಿಂದಿನ ದಾರಿಯಿಂದ ತಿರುಗಿ ಬಂದೆ. ಶೆಡ್ಡಿನ ಹಿಂಭಾಗದಲ್ಲಿ, ಖಾಲಿ ಬಲೆಗಳ ಆಚೆ, ರೇಣುಕಾ ನನ್ನ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ಬಿರಡೆ ತಿರುವುತ್ತಿದ್ದಳು. ಫೋನಿನ ಬೆಳಕು ಅವಳ ಗದ್ದದ ಮೇಲೆ ಬಿದ್ದಿತ್ತು. ಈರಣ್ಣ ಮುಂಬಾಗಿಲಿಗೆ ಅಡ್ಡ ನಿಂತಿದ್ದ. "ಲಗೂನ ಮುಗಸವಾ, ಬರೂ ಹೊತ್ತಾತು" ಎಂದ. "ಮ್ಯಾಲಿನ ತಂತಿ ಇವತ್ತ ಭಾಳ ಸರದೈತಿ ಕಾಕಾ" ಎಂದಳು ಅವಳು.

ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟು ಬಳ್ಳಿಗಳ ನಡುವೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಚಪ್ಪಲಿ ಸದ್ದು ಮಾಡುತ್ತ ಬಂದೆ. ಪಿಟೀಲು ಇಟ್ಟ ಜಾಗದಲ್ಲೇ ಇತ್ತು. ಉಳಿದ ಅರ್ಧ ಚೆನ್ನಾಗಿ ನುಡಿಸಿದೆವು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆದರಿಕೆಯಾದದ್ದು ಆಗಲೇ. ಅವಳು ಸರಿಪಡಿಸಿದ ಶ್ರುತಿ ನನ್ನ ಎಡಗಿವಿಗೆ ಇಡೀ ಹೊತ್ತು ತಪ್ಪಾಗಿ ಕೇಳುತ್ತಿತ್ತು.

ನನಗೆ ಆ ದೃಶ್ಯ ಹೊಸದಾಗಿರಲಿಲ್ಲ, ಮಾಸ್ತರ್ರೇ. ನಾನು ಹೇಳಬೇಕಾದ ಮೊದಲನೆಯ ವಿಷಯ ಇದು. ನಿಮ್ಮ ಕೊನೆಯ ಹಂಗಾಮಿನಲ್ಲಿ, ವಿಜಯಪುರದ ಸಭಾಗೃಹದಲ್ಲಿ, ನೀವು ಶ್ರುತಿ ಕೂಡಿಸಿ ಕೊಟ್ಟ ನನ್ನ ಪಿಟೀಲು ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಗಿತ್ತು. ಮೇಲಿನ ತಂತಿ ಕೂದಲೆಳೆಯಷ್ಟು ಇಳಿದಿತ್ತು. ನೀವು ಚಹಾಕ್ಕೆ ಹೋದಿರಿ. ನಾನು ಬಿರಡೆ ಮುಟ್ಟಿದೆ. ಮೊದಲು ನನ್ನದು, ಆಮೇಲೆ ರೇಣುಕಾಳದು. ಮುಂದಿನ ಊರಿನಲ್ಲಿ ನಿಮ್ಮದೂ. ಯಾರೂ ಮುಟ್ಟಬಾರದ ನಿಮ್ಮ ಪಿಟೀಲನ್ನು ನೀವು ಪೆಟ್ಟಿಗೆಗೆ ಹಾಕದೆ ನನ್ನ ಪಕ್ಕದಲ್ಲೇ ಇಟ್ಟು ಹೋಗಿದ್ದಿರಿ. ಆ ಹಂಗಾಮು ಪೂರ್ತಿ ಹಾಗೇ ನಡೆಯಿತು. "ಈ ವರ್ಷ ಸುರ ಭಾಳ ಚಂದ ಕೂಡೇದ ನೋಡ್ರಿ" ಎಂದು ನೀವು ಹಿಗ್ಗಿದಾಗ ನಾವು ಮೂವರೂ ಹೌದೆಂದೆವು. ಗೌರವ ಎಂದುಕೊಂಡೆ ಅದನ್ನು. ನಿಮ್ಮ ಮನಸ್ಸು ನೋಯಬಾರದಿತ್ತು, ನಿಜ. ಆದರೆ ಹೇಳುವ ಧೈರ್ಯವೂ ನನಗಿರಲಿಲ್ಲ.

ಆಮೇಲೆ ಆ ಬೆಳಿಗ್ಗೆ. ಬಬಲೇಶ್ವರದ ನಾಕಾದಲ್ಲಿ ನೀವು ಹಾಲು ತರಲು ರಸ್ತೆ ದಾಟುತ್ತಿದ್ದಿರಿ. ಟೆಂಪೋದವನು ದವಾಖಾನೆಯ ಮೆಟ್ಟಿಲ ಮೇಲೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದ. "ಹಾರ್ನ್ ಹೊಡದೀನ್ರಿ ಯಕ್ಕಾ. ಮೂರ ಸಲ ಹೊಡದೀನ್ರಿ. ಹಿರ್ಯಾರು ತಿರುಗಿ ಸುದ್ದಾ ನೋಡಲಿಲ್ರಿ." ಎಲ್ಲರೂ ಅವನನ್ನು ಬೈಯುತ್ತಿದ್ದರು. ಅವನು ನಿಜ ಹೇಳುತ್ತಿದ್ದಾನೆ ಎಂದು ಅಲ್ಲಿ ಗೊತ್ತಿದ್ದದ್ದು ಮೂವರಿಗೆ. ಮೂವರೂ ಬಾಯಿ ಬಿಡಲಿಲ್ಲ. ನಾನು ಒಂದು ಮಾತು ಹೇಳಿ ನಿಮ್ಮನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ದಿದ್ದರೆ, ಮನೆಯವರಿಗೆ ತಿಳಿದಿದ್ದರೆ, ಆ ಬೆಳಿಗ್ಗೆ ಹಾಲಿಗೆ ಬೇರೆ ಯಾರಾದರೂ...

ತಿಕೋಟಾದಿಂದ ಬಂದ ವಾರದಲ್ಲೇ ಒಬ್ಬಳೇ ಗೋಳಗುಮ್ಮಟಕ್ಕೆ ಹೋದೆ. ಬೆಳಗಿನ ಮೊದಲ ಟಿಕೆಟ್ ನನ್ನದೇ. ಗೋಡೆಗೆ ಮುಖ ಮಾಡಿ ಹಾಡಿದೆ. ಬಲಗಿವಿ ಮುಚ್ಚಿಕೊಂಡಾಗ ಮೊದಲ ಮೂರು ಮಾರ್ದನಿ ಬಂದವು, ನಾನು ಹಾಡದ ಸ್ವರದಲ್ಲಿ. ಆಮೇಲೆ ಏನೂ ಇಲ್ಲ. ಅಷ್ಟು ದೊಡ್ಡ ಗುಮ್ಮಟದಲ್ಲಿ ಬರೀ ಪಾರಿವಾಳಗಳು ರೆಕ್ಕೆ ಬಡಿಯುವುದು ಕಾಣುತ್ತಿತ್ತು. ಅಲ್ಲಿಂದ ಕಿವಿ ಡಾಕ್ಟರ ಹತ್ತಿರ ಹೋದೆ. ಸಣ್ಣ ವಯಸ್ಸಿನವರು, ಮೆಲ್ಲಗೆ ಹೇಳಿದರು: "ನಿಮ್ಮ ಎರಡು ಕಿವಿ ಎರಡು ಬ್ಯಾರೆ ಸುರ ಕೇಳಾಕತ್ತಾವ್ರಿ ಮೇಡಂ. ಎಡಗಿವಿ ವಾಪಸ್ ಬರೂದು ಕಷ್ಟ. ಬಲಗಿವ್ಯಾಗೂ ಸ್ವಲ್ಪ ಸುರು ಆಗೇತಿ." ಎಷ್ಟು ದಿನ ಎಂದು ಕೇಳಿದೆ. ಅವರು ಪೆನ್ನಿನ ಟೊಪ್ಪಿಗೆ ಹಾಕಿ ತೆಗೆದು ಮಾಡಿದರು. ಹೊರಗೆ ಬಂದು ಸ್ಟೇಷನ್ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಆಟೋ ನನ್ನ ಸೆರಗಿಗೆ ತಾಗಿಕೊಂಡೇ ಹೋಯಿತು. ಆಟೋದವನು ಬೈದದ್ದು ಅವನ ಬಾಯಿ ನೋಡಿ ತಿಳಿಯಿತು. ಅಂದಿನಿಂದ ಎಡಗಡೆಗೆ ಎರಡೆರಡು ಸಲ ತಿರುಗಿ ನೋಡದೆ ರಸ್ತೆ ದಾಟುವುದಿಲ್ಲ.

ಈರಣ್ಣನ ಮಾಳಿಗೆಯಲ್ಲಿ ಅಭ್ಯಾಸವಿದ್ದ ದಿನ, ಅವನು ಗಿರಾಕಿ ಬಂದರೆಂದು ಕೆಳಗಿಳಿದಾಗ, ರೇಣುಕಾಳನ್ನು ಕೇಳಿಯೇಬಿಟ್ಟೆ.

"ಯಾವಾಗಿನಿಂದ ಮಾಡಾಕತ್ತೀ?"

ಏನು ಎಂದು ಅವಳು ಕೇಳಲಿಲ್ಲ. "ಎಳ್ಳಮಾವಾಸಿಗಿಂತ ಮದಲಿಂದ್ರಿ ಅಕ್ಕಾರ."

"ಇಟ್ಟಂಗಿಹಾಳದಾಗ ಆ ಮಕ್ಕಳು..."

"ಮಕ್ಕಳದು ಸರಿ ಇತ್ರಿ."

"ಅಷ್ಟು ಗೊತ್ತಿದ್ದು ನನಗ ಯಾಕ ಹೇಳಲಿಲ್ಲ?"

ಅವಳು ಕಮಾನಿನ ಕೂದಲು ಸವರಿದಳು. ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು: "ನೀವು ಮಾಸ್ತರಿಗೆ ಹೇಳಿದ್ರೇನ್ರಿ?"

"ನಿಮ್ಮನ್ನ ನೋಡೇ ಕಲ್ತೀನ್ರಿ" ಎಂದು ಅವಳೇ ಮುಂದುವರಿಸಿದಳು. "ಹಿಂಗ ಮಾಡೂದೇ ಮರ್ಯಾದಿ ಅನ್ಕೊಂಡೀನಿ." ಆಗ ಕೆಳಗಿನಿಂದ ಈರಣ್ಣ ಕೂಗಿದ, "ಏನ್ ಬೇ, ಇಬ್ಬರೂ ಸುಮ್ಮ ಕುಂತೀರಿ? ಬಾರಸ್ರಲಾ! ಗಿರಾಕಿ ಮೊಳಿ ತಗೋಳಾಕ ಬಂದಾವ ಕೇಳಾಕ ಕುಂತಾನ." ಯಾರೂ ನಗಲಿಲ್ಲ.

ಮರುವಾರ ವಿಜಯಪುರದ ಅದೇ ಸಭಾಗೃಹದಲ್ಲಿ ಕಾರ್ಯಕ್ರಮವಿತ್ತು. ಎಲ್ಲ ಗೊತ್ತಾದ ಮೇಲೂ ನಾನು ಏನು ಮಾಡಿದೆ ಗೊತ್ತೇ? ನಿಮ್ಮ ತಂಬೂರಿ ಮೀಟಿ, ಕಣ್ಣು ಮುಚ್ಚಿ, ಎಂದಿನಂತೆ ಒಂದೊಂದೇ ಬಿರಡೆ ತಿರುವಿದೆ. ನನ್ನ ಪಿಟೀಲನ್ನು ಪೆಟ್ಟಿಗೆಗೆ ಹಾಕದೆ ರೇಣುಕಾಳ ಪಕ್ಕದಲ್ಲಿಟ್ಟೆ. "ಐದು ನಿಮಿಷ, ಚಹಾ ಕುಡಿದು ಬರ್ತೀನಿ" ಎಂದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೇ ಅದು ನಿಮ್ಮದು ಎಂದು ಹೊಳೆದದ್ದು. ಕಾಲು ಬಾಗಿಲ ಹತ್ತಿರವೇ ನಿಂತುಬಿಟ್ಟಿತು. ಚಹಾ ನಿಮಗೆ ಆಗುತ್ತಲೇ ಇರಲಿಲ್ಲವಲ್ಲ! ಎದೆಯುರಿ ಎಂದು ನಮ್ಮ ಮನೆಯಲ್ಲೂ ಬರೀ ಬಿಸಿನೀರು ಕುಡಿಯುತ್ತಿದ್ದವರು ನೀವು.

ಎದುರಿನ ಚಹಾದಂಗಡಿಯವನನ್ನು ಕೇಳಿದೆ. ಅವನಿಗೆ ನಿಮ್ಮ ನೆನಪು ಚೆನ್ನಾಗಿತ್ತು. "ಬಿಳೀ ಟೊಪಗಿ ಮಾಸ್ತರಲ್ರೀ? ಚಾ ಎಲ್ಲಿ ಕುಡೀತಿದ್ರು! ಬರ್ತಿದ್ರು, ಇಲ್ಲೇ ಈ ಕಂಬಕ್ಕ ಆನಿಕೊಂಡು ನಿಂದರ್ತಿದ್ರು. ಗಡಿಯಾರ ನೋಡ್ತಿದ್ರು. ಐದ ನಿಮಿಷ ಆದ ಕೂಡ್ಲೆ ಹೋಗ್ತಿದ್ರು. ಒಮ್ಮೆ ನಾನ ಕೇಳೀನ್ರಿ, ಯಾಕ ನಿಂತೀರಿ ಅಂತ. 'ಒಳಗ ಹುಡುಗೂರು ಕೆಲಸಾ ಮಾಡಾಕತ್ತಾವಪಾ, ಮುಗೀಲಿ' ಅಂದ್ರು."

ನಿಮಗೆ ಗೊತ್ತಿತ್ತು.

ನಾನು ಆ ಕಂಬಕ್ಕೆ ಒರಗಿ ನಿಂತೆ. ನಿಮಗೆ ಗೊತ್ತಿದ್ದೂ ನೀವು ಹೇಳಲಿಲ್ಲ, ನನಗೆ ಗೊತ್ತಿದ್ದೂ ನಾನು ಹೇಳಲಿಲ್ಲ. ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆ ಎಂದುಕೊಂಡೆವು. ಆ ಟೆಂಪೋದ ಸದ್ದಿಗೆ ಅದೇನೂ ಗೊತ್ತಿರಲಿಲ್ಲ. ನೀವು ಇಲ್ಲಿ ನಿಂತಿದ್ದಾಗ ಏನು ಯೋಚಿಸುತ್ತಿದ್ದಿರಿ? ಯಾರಾದರೂ ಬಂದು ಕೈ ಹಿಡಿದು ಒಳಗೆ ಕರೆಯಲಿ ಎಂದೇ? ಯಾರೂ ಬಾರದಿರಲಿ ಎಂದೇ? ನನಗಂತೂ ಎರಡೂ ಅನಿಸಿದವು. ಕೈಗಡಿಯಾರ ನೋಡಿಕೊಂಡೆ. ಐದು ನಿಮಿಷವಾಗಿತ್ತು. ಒಳಗೆ ಹೋಗಿ, ರೇಣುಕಾ ಕೂಡಿಸಿದ ಪಿಟೀಲನ್ನು ನಾನೇ ಕೂಡಿಸಿದವಳಂತೆ ಎತ್ತಿಕೊಂಡೆ. ನಿಮಗೆ ಇದನ್ನು ಮುಚ್ಚಿಡಲಾರೆ.

ಆದ್ದರಿಂದ ಭಾನುವಾರ. ಇಟ್ಟಂಗಿಹಾಳದ ಶಾಲೆಗೆ ಹೋಗಿ ಮಕ್ಕಳನ್ನು ಕರೆದು ಬಂದಿದ್ದೇನೆ. ಆ ಎರಡು ಜಡೆಯ ಪುಟ್ಟಿ ನನ್ನನ್ನು ಕಂಡು ಕಂಬದ ಹಿಂದೆ ಸರಿದಳು. ಅವಳ ಎದುರು ಕೂತು, "ಅವತ್ತು ನೀನು ಸರಿ ಹಾಡಿದ್ದೆ, ತಪ್ಪು ನನ್ನ ಕಿವೀದು" ಎಂದೆ. ಅವಳು ನನ್ನ ಕಿವಿಯನ್ನೇ ಸ್ವಲ್ಪ ಹೊತ್ತು ನೋಡಿ, "ನೋಯತೈತೇನ್ರಿ?" ಎಂದು ಕೇಳಿದಳು. ಇಷ್ಟು ದಿನದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ನೋಯುವುದಿಲ್ಲ ಎಂದೆ. ಅದೇ ಅದರ ಮೋಸ ಎಂದು ಹೇಳಲಿಲ್ಲ.

ಭಾನುವಾರ ನಾವು ಪರದೆ ಎಳೆಯುವುದಿಲ್ಲ, ಹಿಂದಿನ ಕೋಣೆಯಲ್ಲಿ ಶ್ರುತಿ ಕೂಡಿಸುವುದಿಲ್ಲ. ನಿಮ್ಮ ಮನೆಯವರು ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ಅವರ ಎದುರಿಗೆ, ಎಲ್ಲ ಜನರ ಎದುರಿಗೆ, ನಿಮ್ಮ ತಂಬೂರಿಯನ್ನು ರೇಣುಕಾಳ ಕೈಗೆ ಕೊಡುತ್ತೇನೆ. ನನ್ನ ಪಿಟೀಲನ್ನು ಅವಳ ಮುಂದೆ ಇಡುತ್ತೇನೆ. ಯಾಕೆ ಎಂದು ಕನ್ನಡದಲ್ಲಿ, ತಡವರಿಸಿದರೂ ಸರಿ, ಹೇಳುತ್ತೇನೆ. ನಿಮ್ಮ ಬಗ್ಗೆಯೂ. ಆ ಟೆಂಪೋದವನು ಸುಳ್ಳು ಹೇಳಿರಲಿಲ್ಲ ಎಂಬುದನ್ನೂ. ಅವನನ್ನು ಹುಡುಕಿಸಿ ಹೇಳಿ ಕಳಿಸಿದ್ದೇನೆ, ಬರುತ್ತಾನೋ ಇಲ್ಲವೋ. ನಿಮ್ಮ ಮಗ ನನ್ನ ಮುಖ ಮತ್ತೆ ನೋಡುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ಮುಂದಿನ ಹಂಗಾಮಿನ ಹೊತ್ತಿಗೆ ನನ್ನ ಬಲಗಿವಿ ಎಲ್ಲಿರುತ್ತದೋ.

ಇದನ್ನು ಬರೆಯುತ್ತ ನಿಮ್ಮ ತಂಬೂರಿಯನ್ನು ಒಮ್ಮೆ ಮೀಟಿದೆ. ಎರಡು ಮನೆಗಳಲ್ಲಿ ಎರಡು ತಂಬೂರಿ ನುಡಿದಂತೆ ಕೇಳಿಸಿತು. ಯಾವುದು ನಿಮ್ಮದು ಎಂದು ನನಗೆ ತಿಳಿಯಲಿಲ್ಲ.

ರೇಣುಕಾ ಬಿರಡೆ ತಿರುವುವಾಗ ನಾನು ಅವಳ ಎದುರಿಗೇ ಕೂತಿರುತ್ತೇನೆ. ಚಹಾಕ್ಕೆ ಹೋಗುವುದಿಲ್ಲ, ಮಾಸ್ತರ್ರೇ.

ನಿಮ್ಮ,
ಸುಮಾ